ಅಪ್ಪನ ಇಂಗ್ಲಿಷು

ನನ್ನ ಮೊಮ್ಮಗಳು ನನ್ನನ್ನು ‘ಬ್ರೋ’ ಎನ್ನುತ್ತಾಳೆ. ಅರವತ್ತು ದಾಟಿದ ಹೆಂಗಸು ನಾನು, ಅವಳ ಅಮ್ಮನನ್ನು ಹೆತ್ತವಳು! ಬೈದರೆ “ಲವ್ ಯೂ ಬ್ರೋ” ಎಂದು ಕೆನ್ನೆ ಹಿಂಡುತ್ತಾಳೆ. ಹೋದ ವರ್ಷ ಅವಳಿಗೆ ಚೆನ್ನಾಗಿದ್ದದ್ದೆಲ್ಲ ‘ಲಿಟ್’. ಮೊನ್ನೆ ಹುರುಳಿ ಬಸ್ಸಾರು ಹದವಾಗಿ ಬಂದಿತ್ತೆಂದು ನಾನೇ ‘ಲಿಟ್’ ಅಂದೆ. “ಅಯ್ಯೋ ಅಜ್ಜಿ, ಅದನ್ನ ಈಗ ಯಾರೂ ಅನ್ನಲ್ಲ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದೇ ವರ್ಷಕ್ಕೆ ಮುಪ್ಪು ಬರುವ ಮಾತಂತೆ! ನನಗೆ ಅಪ್ಪನ ನೆನಪಾಯಿತು.

ಅಪ್ಪ ಮಧುಗಿರಿಯಲ್ಲಿ ಇಂಗ್ಲಿಷ್ ಮೇಷ್ಟರು. ಅವರಿಗೆ ಕಲಿಸಿದವರು ಬ್ರಿಟಿಷ್ ದೊರೆಗಳ ಕಾಲದ ಒಬ್ಬ ಪಾದ್ರಿ. ಹಾಗಾಗಿ ನಮ್ಮ ಮನೆಯಲ್ಲಿ ಚಟ್ನಿ ರುಚಿಯಾದರೆ ‘ಟಾಪಿಂಗ್’, ನಾಲ್ಕು ಹನಿ ಮಳೆ ಬಿದ್ದರೆ ‘ಬೈ ಜೋವ್’. ಹಾಲಿನವನಿಂದ ಹಿಡಿದು ಹೆಡ್‌ಮಾಸ್ಟರರವರೆಗೆ ಎಲ್ಲರೂ ‘ಓಲ್ಡ್ ಚ್ಯಾಪ್’, ಅಂದರೆ ಹಳೇ ಗೆಳೆಯ. “ಚೆಂದಾಗೈತೆ ಅಂತ ಕನ್ನಡದಾಗೆ ಒಂದ್ ಮಾತು ಅಂದ್ರೆ ನಾಲಿಗೆ ಸವೆದೋಯ್ತದಾ?” ಎಂದು ಅಮ್ಮ ಗೊಣಗುತ್ತಿದ್ದಳು. ನನಗೋ ಅದೇ ಇಷ್ಟ. ಅಪ್ಪ ಆಡಿದ್ದನ್ನೆಲ್ಲ ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ.

ನಾನು ಮದುವೆ ವಯಸ್ಸಿಗೆ ಬಂದಾಗ ಶಿರಾ ಕಡೆಯಿಂದ ನನ್ನನ್ನು ನೋಡಲು ಬಂದರು. ಹುಡುಗ ತುಮಕೂರಿನಲ್ಲಿ ಲೆಕ್ಚರರ್. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದು ನಮ್ಮಲ್ಲಿ ರೂಢಿ. ಅಪ್ಪ ಬಿಡಬೇಕಲ್ಲ! “ಹಾಡು ಯಾರ ಮಗಳು ಬೇಕಾದ್ರೂ ಹೇಳ್ತಾಳೆ. ನನ್ನ ಮಗಳು ಇಂಗ್ಲಿಷ್ ಮಾತಾಡ್ತಾಳೆ” ಎಂದುಬಿಟ್ಟರು. ಬಾಗಿಲ ಸಂದಿಯಿಂದ ನೋಡಿದ್ದೆ, ಹುಡುಗ ಮನಸ್ಸಿಗೆ ಹಿಡಿಸಿದ್ದ. ಈ ಸಂಬಂಧ ಕುದುರಲಪ್ಪಾ ಎಂದು ದೇವರಿಗೆ ಕೈಮುಗಿದೇ ಕಾಫಿ ತಂದೆ. ಅವನ ಮುಂದೆ ಲೋಟ ಇಟ್ಟು, “ಹೌ ಡು ಯು ಡು, ಓಲ್ಡ್ ಚ್ಯಾಪ್?” ಎಂದೆ.

ಹುಡುಗನ ಸೋದರಮಾವನ ಬಾಯಿಂದ ಉಪ್ಪಿಟ್ಟು ಸಿಡಿಯಿತು. “ಇದ್ಯಾವ ಕಾಲದ್ದು ಮೇಷ್ಟ್ರೇ? ದೊರೆಗಳು ಹಡಗು ಹತ್ತೋವಾಗ ಬುಟ್ಟೋಗಿದ್ದಾ?” ಎಂದ. ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗನೂ ಕರ್ಚೀಫು ಬಾಯಿಗಿಟ್ಟುಕೊಂಡು ನಕ್ಕ. ಅಪ್ಪ ತಾವೂ ನಗಲು ನೋಡಿದರು, ಆಗಲಿಲ್ಲ.

ವಾರದೊಳಗೆ ಅವರಿಂದ ಒಪ್ಪಿಗೆ ಬಂತು. ಅಮ್ಮ ಸಂಭ್ರಮದಿಂದ ತುಪ್ಪದ ದೀಪ ಹಚ್ಚಿದಳು. ನಾನು ಮಾತ್ರ, “ಆ ಮನೆಗೆ ನಾನು ಹೋಗಲ್ಲ. ಅಪ್ಪನ್ನ ನೋಡಿ ನಕ್ಕೋರಿಗೆ ಜೀವಮಾನವೆಲ್ಲ ಕಾಫಿ ಕಾಯಿಸ್ಕೊಂಡು ಕೂತ್ಕೊಳ್ಳಾ?” ಎಂದೆ.

“ಲೇ, ತಲೆಗಿಲೆ ಕೆಟ್ಟೈತೇನೇ ನಿಂಗೆ?” ಅಮ್ಮ ದೀಪದ ಮುಂದೆಯೇ ಕೂಗಾಡಿದಳು.

ಅಪ್ಪ ನನ್ನನ್ನು ಜಗಲಿಗೆ ಕರೆದರು. ಹುಡುಗನ ಕಡೆಯವರು ಬಂದುಹೋದ ದಿನದಿಂದ ಅಪ್ಪನ ಬಾಯಲ್ಲಿ ಒಂದು ಇಂಗ್ಲಿಷ್ ಮಾತೂ ಬಂದಿರಲಿಲ್ಲ. ಚಟ್ನಿಯನ್ನೂ ಸುಮ್ಮನೆ ತಿಂದೇಳುತ್ತಿದ್ದರು. ಮನೆ ಬಿಕೋ ಅನ್ನುತ್ತಿತ್ತು.

“ನಕ್ಕರೆ ನಗ್ಲಿ ಬುಡು ಮಗಾ. ಹುಡುಗ ಒಳ್ಳೇವನು ಕಣಮ್ಮ” ಎಂದರು. ನಾನು ತಲೆಯಾಡಿಸಿ ಆಗಲ್ಲ ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಬೀದಿ ಕಡೆ ನೋಡುತ್ತ ಮೆಲ್ಲಗೆ ಕೇಳಿದರು: “ನಂದು ಹಳೇದಾಗೋಗೈತೆ. ಈಗಿನೋರು ಹೆಂಗಂತಾರೆ, ನೀನೇ ಒಂದಿಷ್ಟು ಹೇಳ್ಕೊಡು. ನಾಳೆ ಮಕ್ಳಿಗೆ ಪಾಠ ಮಾಡ್ಬೇಕಲ್ಲ.”

ನಾನೇನು ಹೇಳಿಕೊಡಲಿ? ನನಗೆ ಬರುತ್ತಿದ್ದದ್ದು ಅಪ್ಪನ ಇಂಗ್ಲಿಷೊಂದೇ.