ಅಗ್ನಿಮೂಲೆಯ ಹಗೇವು

ನನ್ನ ಗಂಡನಿಗೆ ಕಾರವಾರ ಜಿಲ್ಲೆಗೆ ವರ್ಗವಾದ ಸುದ್ದಿ ಬಂದ ದಿನ, ಸಿಂದಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲರೂ ಹೆಣ ಎತ್ತಿ ಬಂದವರ ಹಾಗೆ ಕೂತಿದ್ದರು. ಕರ್ನಾಟಕ ಒಂದಾಗಿ ಮೂರು ನಾಲ್ಕು ವರ್ಷವಾಗಿತ್ತು. ರಸ್ತೆ ಕಟ್ಟಿಸುವ ಸರಕಾರಿ ಕಚೇರಿಯಲ್ಲಿ ಅವರು ಕಾರಕೂನರು. ಸಮುದ್ರದ ಕಡೆಗೆ ವರ್ಗ ಎಂದರೆ ನಮ್ಮ ಕಡೆಯವರಿಗೆ ಶಿಕ್ಷೆ. ಅಲ್ಲಿಗೆ ಹೋದ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು, ಒಂದು ಖೋಲಿ ಹಿಡಿದು, ಖಾನಾವಳಿಯಲ್ಲಿ ಉಂಡು, ವರ್ಷಕ್ಕೆ ಒಂದೆರಡು ಸಲ ಮುಖ ತೋರಿಸಿ ಹೋಗುತ್ತಿದ್ದರು. ಅದೇ ರೂಢಿ.

ನನ್ನ ಗಂಡನ ಅಣ್ಣ, ನಮ್ಮ ಭಾವ, ಆ ರೂಢಿಯನ್ನೇ ತೀರ್ಪಿನ ಹಾಗೆ ಹೇಳಿದರು: "ತಮ್ಮಾ, ನೀ ಒಬ್ಬಾವನ ಹೋಗು. ಹೆಂಡ್ತಿ ಮಕ್ಕಳು ಇಲ್ಲೇ ಇರ್ಲಿ. ಹ್ಯಾಂಗರ ಮಾಡಿ ನಾಕು ವರ್ಷ ದೂಡು."

ಭಾವನವರ ಎದುರು ಸೊಸೆಯಂದಿರು ಮಾತಾಡುವ ಪದ್ಧತಿ ಇರಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಲ್ಲಿಂದಲೇ ಅಂದೆ: "ದೂಡಾಕ ನಾವೇನು ಬಂಡಿ ಅದೇವೇನ್ರಿ? ಹೋದ್ರ ಎಲ್ಲಾರೂ ಹೋಗ್ತೇವಿ."

ಪಡಸಾಲೆಯ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ತಿರುಗಲಿ ಬಿಡಿ. ಮುದ್ದೇಬಿಹಾಳದ ಹತ್ತಿರದ ನನ್ನ ತವರಿನಲ್ಲಿ ನಾನು ಈ ರೂಢಿಯನ್ನು ಉಂಡು ಬೆಳೆದವಳು. ನಮ್ಮಪ್ಪ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ. ಒಮ್ಮೆ ದೀಪಾವಳಿಗೆ ಬಂದು ಬಾಗಿಲಲ್ಲಿ ನಿಂತಾಗ ನಾನು ಒಳಗೆ ಓಡಿ, "ಯವ್ವಾ, ಯಾರೋ ಬಂದಾರ" ಅಂದಿದ್ದೆ. ಅವ್ವ ನಕ್ಕಳು, ಅಪ್ಪ ನಗಲಿಲ್ಲ. ನನ್ನ ಮಕ್ಕಳು ತಮ್ಮಪ್ಪನನ್ನು 'ಯಾರೋ' ಅನ್ನುವುದನ್ನು ನಾನು ಕೇಳಲು ತಯಾರಿರಲಿಲ್ಲ.

ಎಲ್ಲರಿಗೂ ಆಶ್ಚರ್ಯವಾಗುವಂತೆ ಬಾಯಿ ಬಿಟ್ಟವರು ನನ್ನ ಅತ್ತೆ. "ಹಂಗಾದ್ರ ನಾನೂ ಬರ್ತೇನಿ. ಮೊಮ್ಮಕ್ಕಳನ್ನ ಬಿಟ್ಟು ನಾ ಇಲ್ಲಿ ಇರಾಂಗಿಲ್ಲ. ಆದ್ರ ಒಂದ್ ಮಾತು. ಮನ್ಯಾಗ ಸಿಹಿನೀರು ಇರಬೇಕು. ಹುಟ್ಟಿದಾಗಿಂದ ಡೋಣಿ ಸೀಮಿ ಸವುಳನೀರು ಕುಡದು ಜೀವ ಬ್ಯಾಸತ್ತೈತಿ. ಅಲ್ಲೂ ಉಪ್ಪುನೀರ ಕುಡಿಯೂದಾದ್ರ ನೀನೂ ಮಕ್ಕಳೂ ನನ್ನ ಜೋಡಿ ಹೊಳ್ಳಿ ಬರಬೇಕು. ಒಪ್ಪಿಗಿ ಐತೇನು?"

"ಐತ್ರೀ ಅತ್ತಿ," ಅಂದೆ. ಭಾವ ನಕ್ಕರು. "ಮಳಿ ಹತ್ತೂದರಾಗ ನಾನ ಬಂದು ಕರ್ಕೊಂಡು ಬರ್ತೇನಿ. ಗಂಟು ಬಿಚ್ಚಬ್ಯಾಡ್ರಿ."

ಮನೆ ಹುಡುಕಲು ಗಂಡನ ಜೊತೆ ನಾನೇ ಹೋದೆ. ಗಂಡಸರು ಮನೆ ನೋಡಿದರೆ ಬಾಡಿಗೆ ನೋಡುತ್ತಾರೆ, ಒಲೆ ನೋಡುವುದಿಲ್ಲ. ಘಟ್ಟ ಇಳಿಯುವಾಗ ನನಗೆ ಉಸಿರು ಕಟ್ಟಿತು. ಎತ್ತ ನೋಡಿದರೂ ಗಿಡ, ಗಿಡದ ಮೇಲೆ ಗಿಡ. ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿಯ ಬಯಲಲ್ಲಿ ಕಣ್ಣು ಬಿಟ್ಟವಳಿಗೆ ಇದೆಲ್ಲ ಯಾರೋ ಮುಖಕ್ಕೆ ಕಂಬಳಿ ಮುಚ್ಚಿದ ಹಾಗೆ. ಆಮೇಲೆ ಒಂದು ತಿರುವಿನಲ್ಲಿ ಸಮುದ್ರ ಕಂಡಿತು. ಅಯ್ಯ ಶಿವನೇ, ಅದು ನಮ್ಮ ಎರೆಹೊಲವೇ! ಅಡ್ಡಿಯಿಲ್ಲದೆ ಆಕಾಶದ ತನಕ ಬಿದ್ದುಕೊಂಡಿತ್ತು, ಬಿತ್ತಲಿಕ್ಕೆ ಬರುವುದಿಲ್ಲ ಅಷ್ಟೇ. ಇರುವುದಾದರೆ ಇದು ಕಾಣುವ ಮನೆಯಲ್ಲೇ ಇರುತ್ತೇನೆ ಎಂದು ಬಸ್ಸಿನಲ್ಲೇ ಹಟ ಹಿಡಿದೆ.

ಹಟಕ್ಕೇನು, ಯಾರೂ ದುಡ್ಡು ಕೇಳುವುದಿಲ್ಲ. ಸಮುದ್ರ ಕಾಣುವ ಮನೆಗೆ ಕೇಳುತ್ತಾರೆ. ಬಂದರದ ಹತ್ತಿರ ಒಂದು ಚಾಳು ತೋರಿಸಿದರು. ಸಾಲಾಗಿ ಸಂಸಾರಗಳು, ಎಲ್ಲರಿಗೂ ಒಂದೇ ಬಚ್ಚಲು, ಪಕ್ಕದ ಮನೆಯವರು ಸೀನಿದರೆ ನಮ್ಮ ದೀಪ ಆರಬೇಕು. ದಂಡೆಯ ಮೇಲಿನ ಒಳ್ಳೆ ಮನೆಗಳೆಲ್ಲ ಹವಾ ಬದಲಾವಣೆಗೆಂದು ಬೇಸಿಗೆಯಲ್ಲಿ ಬರುವ ಮಂದಿಗೆ ಮೀಸಲು. ಒಬ್ಬ ಮಾಲೀಕ ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಘಟ್ಟದ ಮೇಲಿನವರಾ? ನಿಮಗೆ ಇದು ಆಗೂದಿಲ್ಲ" ಎಂದ. ನನ್ನ ಗಂಡ ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. "ನಮಗ ಏನು ಆಗತೈತಿ ಅನ್ನೂದು ನಮಗ ಗೊತ್ತೈತ್ರಿ" ಎಂದು ಅವನ ಅಂಗಳದಲ್ಲೇ ಚಪ್ಪಲಿ ಝಾಡಿಸಿ ಹೊರಟೆ.

ಕೊನೆಗೆ ಸಿಕ್ಕಿದ್ದು ಊರು ಮುಗಿದು, ಗಾಳಿಮರದ ತೋಪು ದಾಟಿದ ಮೇಲಿನ ಒಂಟಿ ಹಂಚಿನ ಮನೆ. ಮುಂದೆ ಸಮುದ್ರ, ಉತ್ತರಕ್ಕೆ ಹೊಳೆ ಸಮುದ್ರ ಸೇರುವ ಅಳಿವೆ, ಹಿಂದೆ ಕೆಂಪುಕಲ್ಲಿನ ಗುಡ್ಡ. ಮಂದಿ ಇಲ್ಲ, ಗದ್ದಲ ಇಲ್ಲ. ಬಾಡಿಗೆಯೂ ಕಾರಕೂನನ ಪಗಾರ ತಡೆಯುವಷ್ಟೇ. ಮಾಲೀಕ ಮುಂಬೈಯಲ್ಲಿದ್ದ, ಮನೆಯ ಉಸ್ತುವಾರಿಗೆ ತೋಪಿನ ಆಚೆ ಒಬ್ಬ ಮುದುಕನಿದ್ದ. ಇಷ್ಟು ಅಗ್ಗ ಯಾಕೆಂದು ಕೇಳಿದರೆ ಆ ಮುದುಕ ಸುಳ್ಳು ಹೇಳಲಿಲ್ಲ. "ಬಾವಿ ಉಪ್ಪು," ಎಂದ. ಶಾಸ್ತ್ರ ನೋಡಿ ಈಶಾನ್ಯ ಮೂಲೆಗೆ ತೋಡಿದ ಬಾವಿ. ಈಶಾನ್ಯ ಅಳಿವೆಯ ಮಗ್ಗುಲಿಗೇ ಬಿದ್ದಿತ್ತು. ಶಾಸ್ತ್ರ ಉಳಿಯಿತು, ನೀರು ಕೆಟ್ಟಿತು.

ಆದರೂ ಹಿಡಿದೆವು. ಬೇರೆ ಯಾವುದೂ ನಮ್ಮ ಕೈಗೆ ನಿಲುಕುವಂತಿರಲಿಲ್ಲ. ಅತ್ತೆಯನ್ನೂ ಮಕ್ಕಳನ್ನೂ ಕರೆತಂದೆವು. ಮೀನುಗಾರರ ಕೇರಿಯ ಬಾವಿಯಿಂದ ನಾನು ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ತರುತ್ತಿದ್ದೆ. ಅತ್ತೆ ಕುಡಿದು, ತಂಬಿಗೆ ಕೆಳಗಿಟ್ಟು, "ಹೊತ್ತು ತಂದ ನೀರು ಮನಿ ನೀರಲ್ಲವ್ವಾ" ಎಂದರು. "ದೊಡ್ಡಾಂವ ಬರೂತನಕ ನೋಡ್ತೇನಿ." ತಮ್ಮ ಗಂಟನ್ನು ಅವರು ನಿಜಕ್ಕೂ ಬಿಚ್ಚಿರಲಿಲ್ಲ, ಗೋಡೆಯ ಗೂಟಕ್ಕೆ ತೂಗುಹಾಕಿದ್ದರು. ಉಣ್ಣಲು ಕೂತರೆ ಕಣ್ಣೆದುರಿಗೆ ಅದೇ ಗಂಟು.

ಅಷ್ಟರಲ್ಲಿ ಸಿಂದಗಿಯಿಂದ ನಮ್ಮ ವರ್ಷದ ಜೋಳ ಬಂತು. ಹಂಚು ತರಲು ಇಳಿಯುವ ಲಾರಿಯಲ್ಲಿ ಚೀಲ ಹೇರಿ ಕಳಿಸಿದ್ದರು, ಅನ್ನ ತಿಂದು ನಮ್ಮ ಹೊಟ್ಟೆ ತುಂಬುವುದುಂಟೇ? ಅತ್ತೆ ಚೀಲದಲ್ಲಿ ಕೈ ಹಾಕಿ ನೋಡಿದರು. ಸಮುದ್ರದ ಗಾಳಿಗೆ ಕಾಳು ಆಗಲೇ ಮೆತ್ತಗಾಗುತ್ತಿತ್ತು. "ಹಗೇವು ತಗೀರಿ," ಅಂದರು.

ನಮ್ಮ ಸೀಮೆಯಲ್ಲಿ ಜೋಳ ಇಡುವುದು ನೆಲದೊಳಗೆ. ಆಳವಾಗಿ ಗುಂಡಿ ತೋಡಿ, ಸುತ್ತ ಜೋಳದ ಒಣದಂಟಿನ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಅದೇ ಹಗೇವು. ಹಗೇವು ಇಲ್ಲದ ಮನೆಯನ್ನು ಅತ್ತೆ ಮನೆ ಎಂದೇ ಒಪ್ಪುತ್ತಿರಲಿಲ್ಲ. ಸಮುದ್ರದ ಮಗ್ಗುಲಲ್ಲಿ ನೆಲ ತೋಡಿ ಜೋಳ ಹೂಳುವ ಬುದ್ಧಿ ನಮಗಲ್ಲದೆ ಭೂಮಿಯ ಮೇಲೆ ಇನ್ಯಾರಿಗೆ ಬರಬೇಕು! ಆದರೆ ಅವತ್ತು ನಮ್ಮ ಮೂವರಲ್ಲಿ ಒಬ್ಬರಿಗೂ ಇದು ತಪ್ಪು ಎಂದು ಅನಿಸಲಿಲ್ಲ. ಎತ್ತರದ ಜಾಗ ಬೇಕು, ಮಳೆನೀರು ನಿಲ್ಲಬಾರದು ಎಂದು ಅತ್ತೆ ಹಿತ್ತಿಲೆಲ್ಲ ಸುತ್ತಿ, ಗುಡ್ಡದ ಬುಡಕ್ಕೆ, ಆಗ್ನೇಯ ಮೂಲೆಗೆ ಗುರುತು ಹಾಕಿದರು. ಗಂಡ ಗುದ್ದಲಿ ಹಿಡಿದರು, ನಾನು ಮಣ್ಣು ಹೊತ್ತೆ.

ಎದೆಮಟ್ಟ ಇಳಿಯುವಷ್ಟರಲ್ಲಿ ಗುಂಡಿಯ ಗುಡ್ಡದ ಬದಿಯ ಗೋಡೆ ಬೆವರತೊಡಗಿತು. ಮತ್ತೆರಡು ಗುದ್ದಲಿ ಬಿದ್ದಿತೋ ಇಲ್ಲವೋ, ಗಂಡನ ಪಾದ ಮುಳುಗಿತು.

ಅತ್ತೆ ಅಲ್ಲೇ ಮಣ್ಣಿನ ಗುಪ್ಪೆಯ ಮೇಲೆ ಕುಸಿದು ಕೂತರು. "ಹಗೇವಿಗೆ ನೀರು ಬಿತ್ತು. ಹಗೇವಿಗೆ ನೀರು ಬಿದ್ದ ಮನಿ ಉದ್ಧಾರ ಆಗಾಂಗಿಲ್ಲ. ಮುಗೀತು, ಇನ್ನ ನಡೀರಿ ಊರಿಗೆ." ಕಣ್ಣಲ್ಲಿ ನೀರು ಬಂದಿತ್ತು. ಗದ್ದಲ ಕೇಳಿ ಬಂದ ಉಸ್ತುವಾರಿಯ ಮುದುಕ ಗುಂಡಿ ನೋಡಿ ಇನ್ನೊಂದು ಕೊಳ್ಳಿ ಇಟ್ಟ. "ಅಮ್ಮಾ, ಇದು ಅಗ್ನಿಮೂಲೆ. ಅಗ್ನಿಮೂಲೆಯಲ್ಲಿ ನೀರು ತೆಗೆದರೆ ಮನೆಗೆ ಕೇಡು. ಮುಚ್ಚಿಬಿಡಿ."

ಗಂಡ ಗುದ್ದಲಿ ಹಿಡಿದೇ ಮೇಲೆ ಹತ್ತಿದರು, ಮುಚ್ಚಲಿಕ್ಕೆ! ನನಗೆ ಮೈಯೆಲ್ಲ ಉರಿಯಿತು. ಅವರ ಶಾಸ್ತ್ರದ ಬಾವಿ ಉಪ್ಪು, ನಮ್ಮ ಶಾಸ್ತ್ರದ ಹಗೇವು ನೀರುಪಾಲು, ನಡುವೆ ನನ್ನ ಸಂಸಾರ ಎರಡು ಪಾಲು. ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದೆ. ಬೊಗಸೆಯಲ್ಲಿ ಕೆಂಪುನೀರು ಎತ್ತಿ ಬಾಯಿಗೆ ಹಾಕಿದೆ. ಮಣ್ಣಿನ ವಾಸನೆ ಇತ್ತು. ಉಪ್ಪು ಇರಲಿಲ್ಲ. ಮತ್ತೊಂದು ಬೊಗಸೆ ಕುಡಿದೆ. ಇಲ್ಲ, ಉಪ್ಪು ಇರಲೇ ಇಲ್ಲ!

"ಸಿಹಿ ಐತ್ರೀ!" ಎಂದು ಕೂಗಿದೆ. ಅತ್ತೆ ಮುಖ ತಿರುಗಿಸಿ, "ಅಪಶಕುನದ ನೀರು ನಾ ಮುಟ್ಟಾಂಗಿಲ್ಲ" ಎಂದರು. "ಮುಟ್ಟಬ್ಯಾಡ್ರಿ. ನಾ ಕುಡೀತೇನಿ. ಸತ್ರ ಸಾಯ್ತೇನಿ. ಮುಚ್ಚೂದಾದ್ರ ನನ್ನನ್ನೂ ಒಳಗ ಹಾಕಿ ಮುಚ್ರಿ." ಗಂಡ ಗುದ್ದಲಿ ಕೆಳಗಿಟ್ಟರು. ಮುದುಕ ಹಣೆ ಚಚ್ಚಿಕೊಂಡು ಹೋದ.

ಮುಂದಿನ ಕೆಲವು ದಿನ ನಾನು ಮತ್ತು ಗಂಡ ಗುಡ್ಡದ ಕೆಂಪುಕಲ್ಲು ಹೊತ್ತು ತಂದು ಗುಂಡಿಯ ಸುತ್ತ ಜೋಡಿಸಿದೆವು. ಜೋಳವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆವು, ಹೊಗೆಗೆ ಅದು ಗಟ್ಟಿಯಾಗಿ ಉಳಿಯಿತು. ನೀರು ತಿಳಿಯಾಯಿತು. ನಾನು, ಗಂಡ, ಮಕ್ಕಳು ಅದನ್ನೇ ಕುಡಿದೆವು, ಯಾರಿಗೂ ನೆಗಡಿ ಕೂಡ ಬರಲಿಲ್ಲ. ಅತ್ತೆಗೆ ಮಾತ್ರ ಮೀನುಗಾರರ ಕೇರಿಯಿಂದ ಒಂದು ಕೊಡ ಹೊತ್ತು ತರುತ್ತಿದ್ದೆ. ನಾವು ಹಿತ್ತಿಲ ನೀರು ಕುಡಿಯುವುದನ್ನು ಅವರು ನೋಡುತ್ತಿದ್ದರು. ಗಂಟು ಗೂಟದಲ್ಲೇ ಇತ್ತು.

ಕಡಲ ಮೇಲೆ ಮೊದಲ ಮೋಡ ಕಟ್ಟಿದ ದಿನ ಭಾವ ಬಂದರು. ಬಸ್ಸಿಳಿದು ಉಸುಕಿನಲ್ಲಿ ಕಾಲೆಳೆಯುತ್ತ, ಬೆವರು ಸುರಿಸುತ್ತ ಅಂಗಳಕ್ಕೆ ಬಂದವರೇ, "ಏನ್ ಯವ್ವಾ, ತಯಾರ ಅದೀಯೋ ಇಲ್ಲೋ? ಸಂಜಿ ಬಸ್ಸಿಗೆ ಹೊಂಡೂನು" ಎಂದು ನಕ್ಕರು. ಕಟ್ಟೆಯ ಮೇಲೆ ಕೂತು ನೀರು ಕೇಳಿದರು.

ನಾನು ಒಳಗೆ ಕೇರಿಯ ನೀರಿನ ಕೊಡಕ್ಕೆ ಕೈ ಹಾಕಿದ್ದೆ. ಅತ್ತೆ ನನ್ನ ಕೈಯಿಂದ ತಂಬಿಗೆ ಕಸಿದುಕೊಂಡು ಹಿತ್ತಿಲಿಗೆ ಹೋದರು. ಬರುವಾಗ ತಂಬಿಗೆ ತುಂಬಿತ್ತು, ಅವರ ಸೆರಗಿನ ತುದಿ ತೊಯ್ದಿತ್ತು, ತುಟಿಯೂ ಒದ್ದೆಯಾಗಿತ್ತು. ಭಾವ ಗಟಗಟ ಕುಡಿದರು.

"ಎಷ್ಟು ಸಿಹಿ ಐತಿ ಯವ್ವಾ! ಸಮುದ್ರದ ಬಾಜೂಕ ಇಂಥಾ ನೀರ? ಯಾವ ಬಾವೀದು?"

"ಬಾವೀದು ಅಲ್ಲಪಾ, ನಮ್ಮ ಹಗೇವಿಂದು," ಅಂದರು ಅತ್ತೆ. "ಇನ್ನೊಂದು ತಂಬಿಗಿ ಕುಡಿ. ಕುಡದು, ಆ ಗೂಟದಾಗಿನ ಗಂಟು ಇಳಿಸಿಕೊಟ್ಟು, ಸಂಜಿ ಬಸ್ಸಿಗೆ ನೀ ಒಬ್ಬಾವನ ಹೋಗು."