ಪೈಲಟ್ ಆರಿಸುವ ಸಾಹೇಬರು
ವಾಯುಸೇನೆ ಬಿಟ್ಟು, ವಿಮಾನ ಕಂಪನಿಗೆ ಪೈಲಟ್‌ಗಳನ್ನು ಆರಿಸುವ ಕುರ್ಚಿಗೆ ಬಂದು ಎಷ್ಟೋ ಕಾಲವಾದರೂ ಸಾಹೇಬರ ಮನೆಯಲ್ಲಿ ಚಪ್ಪಲಿಗಳು ಇನ್ನೂ ಅಟೆನ್ಷನ್ನಿನಲ್ಲೇ ನಿಂತಿರುತ್ತವೆ. ಅಡುಗೆಗೆ ಉಪ್ಪು ಕಡಿಮೆಯಾದರೆ ಹೆಂಡತಿ ಕಾರಣ ಹೇಳುವಂತಿಲ್ಲ, "ಆಯಿತು" ಅನ್ನಬೇಕು. ಆಫೀಸಿನ ಸಂದರ್ಶನಕ್ಕೆ ಸೇನೆಯಿಂದ ಬಂದ ಹುಡುಗ ಬಾಗಿಲಲ್ಲಿ ಬೂಟು ಕುಟ್ಟಿದರೆ ಅರ್ಧ ಕೆಲಸ ಸಿಕ್ಕಿದ ಹಾಗೆ. ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿತವನಾದರೆ, "ಬಾರಪ್ಪ, ಬಾಡಿಗೆ ಸೈಕಲ್ ಶೂರ" ಎಂದು ನಗುತ್ತಾರೆ. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ: "ನಾನು ತಪ್ಪು ಮಾಡಿದರೆ ಪಕ್ಕದ ಸೀಟಲ್ಲಿ ಕೂತ ನೀನು ಏನು ಮಾಡ್ತೀಯ?" ಸೇನೆಯವರು "ನೀವು ತಪ್ಪೋದುಂಟೇ ಸರ್" ಎಂದು ಗೆಲ್ಲುತ್ತಾರೆ. ಹೆಂಡತಿಯ ಅಕ್ಕನ ಮಗ ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿತವನು; "ತಕ್ಷಣ ಹೇಳ್ತೀನಿ, ಕೇಳದಿದ್ದರೆ ವಿಮಾನ ನಾನೇ ತಿರುಗಿಸ್ತೀನಿ" ಅಂದ, ಕೆಲಸ ಕೈತಪ್ಪಿತು. "ನಿನ್ನ ಅಕ್ಕನ ಮಗ ಬರೀ ಬಾಯಿಬಡುಕ" ಎಂದು ಸಾಹೇಬರು ಊಟದ ಮುಂದೆ ಗೊಣಗುವಾಗ ಹೆಂಡತಿ ತಲೆ ಎತ್ತುವುದಿಲ್ಲ. ಸೇನೆಯಲ್ಲಿ ಸಾಹೇಬರ ಹಿಂದಿನ ಸೀಟಿನಲ್ಲಿ ಹಾರುತ್ತಿದ್ದವನು ಅವಳ ಒಬ್ಬನೇ ತಮ್ಮ. ಮಂಜಿನಲ್ಲಿ ವಿಮಾನ ಬೆಟ್ಟಕ್ಕೆ ಬಡಿದಾಗ ಸಾಹೇಬರು ಉಳಿದರು. ತಮ್ಮ ಆಸ್ಪತ್ರೆಯಲ್ಲಿ ಪ್ರಾಣ ಬಿಡುವ ಮುಂಚೆ ಅವಳ ಕೈ ಹಿಡಿದು, "ಬೆಟ್ಟ ನನಗೆ ಕಂಡಿತ್ತಕ್ಕ, ಭಾವನಿಗೆ ಹೇಗೆ ಹೇಳಲಿ ಅಂತ ಸುಮ್ಮನಿದ್ದೆ" ಅಂದಿದ್ದ. ಆ ಮಾತನ್ನು ಗಂಡನಿಗೆ ಹೇಳುವ ಧೈರ್ಯ ಅವಳಿಗೂ ಇವತ್ತಿನವರೆಗೆ ಬಂದಿಲ್ಲ.