ಬಾವನ ಕೊರಳಿನ ಗಂಟು

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಬಾವ, ಅಕ್ಕನ ಗಂಡ, ಬೊಂಬಾಯಿಯ ಮೀನು ಬೋಟಿನ ಕೆಲಸ ಬಿಟ್ಟು ಭಟ್ಕಳದ ಹತ್ತಿರದ ನಮ್ಮೂರು ತೆಂಗಿನಗುಂಡಿಗೆ ಮರಳಿದರು. ಬಿಡದ ಕೆಮ್ಮು, ಸಂಜೆಯಾದರೆ ಜ್ವರ. ಹಳೇ ಅಂಗಿಯೊಳಗೆ ಇನ್ನೊಬ್ಬರು ಹಿಡಿಯುವಷ್ಟು ಇಳಿದಿದ್ದರು. ಅಲ್ಲಿನ ಆಸ್ಪತ್ರೆಯಲ್ಲಿ ರಕ್ತ ನೋಡಿ ಏಡ್ಸಿನ ವೈರಸ್ ಇದೆ ಎಂದಿದ್ದರಂತೆ. ಅದನ್ನು ಅಕ್ಕನಿಗೆ, ನನಗೆ, ಆಮೇಲೆ ಭಟ್ಕಳದ ಡಾಕ್ಟರಿಗೆ ಮಾತ್ರ ಹೇಳಿದರು.

ಆ ಡಾಕ್ಟರು ಮತ್ತೆ ಮತ್ತೆ ಕಫ ಪರೀಕ್ಷೆ ಮಾಡಿಸಿದರು. ಕ್ಷಯದ ರೋಗಾಣು ಕಾಣಲಿಲ್ಲ. ಎಕ್ಸ್‌ರೇಯಲ್ಲೂ ಅಂಥದ್ದೇನಿರಲಿಲ್ಲ.

"ಟಿ.ಬಿ. ಅಲ್ಲ, ಇದು ಆ ಕಾಯಿಲೆಯದ್ದೇ. ಮನೇಲಿ ಚಲೋ ಮಾಡಿ ನೋಡ್ಕಳಿ" ಎಂದರು. ಅದರರ್ಥ ಅಕ್ಕನಿಗೂ ತಿಳಿಯಿತು.

ನಾನಾಗ ಹೊನ್ನಾವರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಲ್ಲುತ್ತಿದ್ದೆ. ನನಗೆ ಈ ತರ್ಕ ಒಪ್ಪಿಗೆಯಾಗಲಿಲ್ಲ. ಬಲೆಗೆ ಮೀನು ಬೀಳದಿದ್ದರೆ ಕಡಲಲ್ಲೇ ಮೀನಿಲ್ಲ ಅಂತಲೇ? ಕ್ಷಯವಾಗಿದ್ದರೆ ಮದ್ದಿದೆ, ಇನ್ನೊಂದಕ್ಕೆ ಇಲ್ಲ. ಹಾಗಿರುವಾಗ ಮದ್ದಿರುವ ಕಾಯಿಲೆಯನ್ನೇ ಅಷ್ಟು ಬೇಗ ತಳ್ಳಿಹಾಕುವುದು ಯಾವ ನ್ಯಾಯ? ಬಾವನನ್ನೂ ಅಕ್ಕನನ್ನೂ ಬಸ್ಸು ಹತ್ತಿಸಿ ಕುಮಟೆಯ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದೊಯ್ದೆ. ಎಲ್ಲವನ್ನೂ ಬಿಚ್ಚಿ ಹೇಳಿ, ಇದೇ ವಾದ ಮಂಡಿಸಿದೆ.

"ಎಂತ, ವಕೀಲಿಕೆ ಓದ್ತಿದ್ಯ?" ಎಂದರು ಅವರು.

"ಇಲ್ಲ, ಬಿ.ಎ."

"ಬಚಾವಾತು. ಕೂತ್ಕೊ. ನೀ ಹೇಳೂದು ಸುಳ್ಳಲ್ಲ. ಈ ವೈರಸ್ ಇದ್ದವ್ರಿಗೆ ಟಿ.ಬಿ. ಇದ್ರೂ ಕಫದಲ್ಲಿ ಸಿಕ್ಕದೇ ಹೋಗ್ಬಹುದು." ಬಾವನ ಕಡೆ ತಿರುಗಿ, "ಆ ಟವೆಲ್ ತೆಗೀರಿ" ಎಂದರು.

ಕಡಲಿಗೆ ಹೋಗುವವರು ಕೊರಳಿಗೆ ಟವೆಲ್ ಸುತ್ತುವುದು ನಮ್ಮ ಕಡೆ ಎಷ್ಟು ಮಾಮೂಲೆಂದರೆ, ಭಟ್ಕಳದಲ್ಲಿ ಯಾರೂ ಅದನ್ನು ತೆಗೆಸಿರಲಿಲ್ಲ. ಬಾವ ಅಕ್ಕನ ಮುಖ ನೋಡಿ ಮೆಲ್ಲಗೆ ಬಿಚ್ಚಿದರು. ಕಿವಿಯ ಬುಡದಿಂದ ಕೆಳಗೆ ಸಾಲಾಗಿ ಗಂಟುಗಳು, ಮೇಲೆ ಒಣಗಿದ ಸುಣ್ಣ-ಬೆಲ್ಲದ ಲೇಪ.

"ಇದನ್ನ ಯಾಕೆ ತೋರ್ಸಲಿಲ್ಲ?"

"ನಾವು ಕೆಮ್ಮಿಗೆ ಬಂದದ್ದಲ್ವ ಡಾಕ್ಟ್ರೆ" ಎಂದಳು ಅಕ್ಕ. "ಗಂಟಿಗೆ ಮನೇಲೇ ಹಚ್ತಾ ಇದ್ದೆ."

ನಮ್ಮಲ್ಲಿ ಮೈಯ ತೊಂದರೆಗಳನ್ನು ಹೀಗೆ ಹಂಚಿಬಿಡುತ್ತಾರೆ. ಹೊಟ್ಟೆಗೆ ಕಷಾಯ, ಗಂಟಿಗೆ ಸುಣ್ಣ-ಬೆಲ್ಲ, ಕೆಮ್ಮಿಗೆ ಡಾಕ್ಟರು. ಒಂದರ ಸುದ್ದಿಯನ್ನು ಇನ್ನೊಂದರ ಬಾಗಿಲಲ್ಲಿ ಎತ್ತುವುದಿಲ್ಲ.

ಡಾಕ್ಟರು ಗಂಟಿಗೆ ಸೂಜಿ ಹಾಕಿ ಎಳೆದದ್ದನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಕ್ಷಯದ ರೋಗಾಣು ಸಿಕ್ಕಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಟಿ.ಬಿ. ಹೌದಂತೆ, ಟಿ.ಬಿ. ಹೌದಂತೆ" ಎಂದು ಬಾವನಿಗೆ ಹೇಳಿದಳು. ಊರಲ್ಲಿ ಹೆಸರೆತ್ತಲೂ ಹೆದರುವ ಟಿ.ಬಿ.ಯನ್ನು ಅವಳು ಖುಷಿಯ ಸುದ್ದಿಯಂತೆ ಹೇಳುತ್ತಿದ್ದಳು.

ಮದ್ದು ಹಿಡಿಯಿತು. ಜ್ವರ ಬಿಟ್ಟಿತು, ಊಟ ಸೇರಿತು. ಬಾವ ಪುಟ್ಟ ಮಗಳ ಕೈ ಹಿಡಿದು ಬೋಟು ನಿಲ್ಲುವ ದಕ್ಕೆಯ ತನಕ ನಡೆದುಹೋಗಿ ಬೋಟುಗಳನ್ನು ನೋಡಿ ಬರುವಷ್ಟಾದರು. ಕುಮಟೆಗೆ ಹೋದಾಗಲೆಲ್ಲ ಅಕ್ಕ "ಇನ್ನೊಂದಕ್ಕೆ?" ಎಂದು ಕೇಳುತ್ತಿದ್ದಳು. "ಅದಕ್ಕಿನ್ನೂ ಮದ್ದು ಬಂದಿಲ್ಲ ತಂಗಿ" ಎಂದು ಡಾಕ್ಟರು ಹೇಳುತ್ತಿದ್ದರು. ಅಲ್ಲಿ ನನ್ನ ವಾದಕ್ಕೆ ಕೆಲಸವಿರಲಿಲ್ಲ.

ಮುಂದಿನ ವರ್ಷದ ಮಳೆಗಾಲದಲ್ಲಿ ಬಾವ ತೀರಿಕೊಂಡರು. ಅಷ್ಟರಲ್ಲಿ ಮಗಳಿಗೆ ಈಜು ಕಲಿಸಿದ್ದರು.